ಬಯಲಾಟದ ಸದ್ದು ಡಿವಿಡಿಗೆ ಇಳಿದ ಬಗೆ

ಉಡುಪಿ, ಕಾಪು, ಕಾರ್ಕಳದ ಕಡೆ ಸದ್ದಿನ ಕಲೆಗಳು ಹೆಚ್ಚಾಗಿ ರಾತ್ರಿಯವು, ಬಯಲಿನವು. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಆಟ, ದೈವಸ್ಥಾನದ ಎದುರು ಕೋಲ, ಚಪ್ಪರದ ಕೆಳಗೆ ನಾಗಮಂಡಲ. ಇವುಗಳ ದನಿಯನ್ನು ಯಂತ್ರದಲ್ಲಿ ಹಿಡಿದಿಡುವ ಕೆಲಸ ಸ್ಪೂಲ್ ಟೇಪಿನಿಂದ ಶುರುವಾಗಿ ಕ್ಯಾಸೆಟ್, ವಿಎಚ್‌ಎಸ್, ವಿಸಿಡಿಗಳನ್ನು ದಾಟಿ ಡಿವಿಡಿಯವರೆಗೆ ಬಂತು. ಪ್ರತಿ ಮಾಧ್ಯಮವೂ ಇಡೀ ರಾತ್ರಿಯ ಆಟವನ್ನು ತನ್ನ ಅಳತೆಗೆ ಕತ್ತರಿಸಿಕೊಂಡಿತು. ಡಿವಿಡಿ ಮಾತ್ರ ಇನ್ನೊಂದು ಆಸೆಯನ್ನೂ ಹುಟ್ಟಿಸಿತು. ಸದ್ದು ಎದುರಿನಿಂದ ಮಾತ್ರವಲ್ಲ, ಸುತ್ತಲಿಂದಲೂ ಕೇಳಿಸಬಹುದು ಎಂದಿತು. ಆ ಆಸೆಯ ಬೆನ್ನು ಹತ್ತಿದವರಿಗೆ ಎದುರಾದ ತೊಡಕುಗಳು ತಾಂತ್ರಿಕವಾದವು ನಿಜ, ಆದರೆ ಅವುಗಳ ಬೇರು ಯಂತ್ರದಲ್ಲಿ ಇರಲಿಲ್ಲ. ಮೊದಲ ಮೈಕನ್ನು ಎಲ್ಲಿ ಇಟ್ಟರು ಎಂಬಲ್ಲಿಯೇ ಇತ್ತು.

ಮೈಕ್ ಬರುವ ಮೊದಲು ಆಟದ ಸದ್ದಿಗೆ ತನ್ನದೇ ಲೆಕ್ಕಾಚಾರ ಇತ್ತು. ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ಭಾಗವತರು ರಂಗಸ್ಥಳದ ಹಿಂಬದಿಯಲ್ಲಿ ಕುಳಿತು ಹಾಡುತ್ತಾರೆ, ಪಕ್ಕದಲ್ಲಿ ಮದ್ದಲೆ, ಒಂದು ಬದಿಗೆ ಚೆಂಡೆ. ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕುಳಿತವನಿಗೂ ಪದ್ಯ ಮುಟ್ಟಬೇಕಾದ್ದರಿಂದ ಎತ್ತರದ ಶ್ರುತಿಯಲ್ಲಿ ಹಾಡುವುದೇ ರೂಢಿಯಾಗಿತ್ತು. ಚೆಂಡೆಗಂತೂ ಯಾರ ಸಹಾಯವೂ ಬೇಡ. ಎರಡು ಊರಿನಾಚೆ ಆಟ ಶುರುವಾಗಿದೆ ಎಂದು ಮಲಗಿದವರಿಗೂ ತಿಳಿಸುತ್ತಿದ್ದುದು ಅದೇ. ಧ್ವನಿವರ್ಧಕ ಬಂದ ಮೇಲೆ ಭಾಗವತಿಕೆ ತಗ್ಗಿನ ಶ್ರುತಿಗೆ ಇಳಿಯಿತು, ರಾಗದ ಸೂಕ್ಷ್ಮಗಳಿಗೆ ಅವಕಾಶ ಸಿಕ್ಕಿತು. ಜೊತೆಗೆ ಬಯಲಿನ ನಾಲ್ಕು ಮೂಲೆಯ ಸದ್ದು ಒಂದು ತಂತಿಯ ಮೂಲಕ ಒಂದು ಆಂಪ್ಲಿಫೈಯರಿಗೆ ಹೋಗುವ ಪರಿಪಾಠವೂ ಶುರುವಾಯಿತು. ಮುಂದಿನ ಐವತ್ತು ವರ್ಷ ರೆಕಾರ್ಡಿಂಗ್ ಮಾಡಿದವರೆಲ್ಲ ಬಹುಪಾಲು ಆ ತಂತಿಗೇ ಗಂಟು ಹಾಕಿದರು.

ಕರಾವಳಿಯ ಹೊರಗಿನಿಂದ ಯಂತ್ರ ಹೊತ್ತು ಬಂದವರೂ ಇದ್ದರು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಹಾಡು ಕುಣಿತಗಳನ್ನು ದಾಖಲಿಸಿದ. ಅವನ ಚಿತ್ರ ಮೂಕಿ, ದನಿ ಬೇರೆ ಯಂತ್ರದ್ದು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಆಮಿ ಕ್ಯಾಟ್ಲಿನ್ ಅದೇ ಊರುಗಳನ್ನು ಹುಡುಕಿಕೊಂಡು ಹೋಗಿ ಏನು ಉಳಿದಿದೆ, ಏನು ಬದಲಾಗಿದೆ ಎಂದು ಮತ್ತೆ ದಾಖಲಿಸಿದರು. ಚಿತ್ರ ಒಂದು ಕಡೆ, ದನಿ ಇನ್ನೊಂದು ಕಡೆ ಎಂಬ ಬಾಕೆಯ ಕಾಲದ ಪಾಡು ಅಲ್ಲಿಗೇ ಮುಗಿಯಲಿಲ್ಲ. ಡಿವಿಡಿ ಕಾಲದಲ್ಲಿ ಅದು ಹೊಸ ವೇಷ ಹಾಕಿಕೊಂಡು ಬಂತು.

ಉಡುಪಿಯಲ್ಲಿ ಈ ಕೆಲಸಕ್ಕೆ ಮನೆ ಸಿಕ್ಕಿದ್ದು ಎಂಜಿಎಂ ಕಾಲೇಜಿನಲ್ಲಿ. 1949ರಲ್ಲಿ ಹುಟ್ಟಿದ ಈ ಕಾಲೇಜಿನ ಆಸರೆಯಲ್ಲಿ 1970ರ ದಶಕದ ಆರಂಭದಲ್ಲಿ ಯಕ್ಷಗಾನ ಕೇಂದ್ರ ರೂಪುಗೊಂಡಿತು. ಅದರ ಹಿಂದಿದ್ದವರು ಶಿವರಾಮ ಕಾರಂತರು ಮತ್ತು ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರು. ಕಾರಂತರ ತಂಡವಾದ ಯಕ್ಷರಂಗ ಮಾತನ್ನು ಕಡಿಮೆ ಮಾಡಿತು, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿತು, ರಾತ್ರಿಯ ಪ್ರಸಂಗವನ್ನು ಗಂಟೆಗಳ ಲೆಕ್ಕಕ್ಕೆ ತಂದಿತು. ಮೇಳದವರಿಗೆ ಇದು ಪೂರ್ತಿ ಹಿಡಿಸಲಿಲ್ಲ. ಆದರೆ ಒಂದು ಟೇಪಿನಲ್ಲಿ ಹಿಡಿಯುವಷ್ಟು ಉದ್ದದ ಯಕ್ಷಗಾನ, ಟೇಪಿಗಾಗಿ ಅಲ್ಲದಿದ್ದರೂ, ಆಗಲೇ ತಯಾರಾಗಿತ್ತು. ಅಮೆರಿಕದ ಮಾರ್ಥಾ ಆಷ್ಟನ್ ಉಡುಪಿಗೆ ಬಂದು ಮದ್ದಲೆಯ ಹಿರಿಯಡಕ ಗೋಪಾಲ ರಾಯರ (1919–2020) ನೆರವಿನಿಂದ ಬಡಗುತಿಟ್ಟನ್ನು ಕಲಿತು, ಬ್ರೂಸ್ ಕ್ರಿಸ್ಟಿ ಜೊತೆ 1977ರಲ್ಲಿ ಪುಸ್ತಕ ತಂದದ್ದು ಇದೇ ವಾತಾವರಣದಲ್ಲಿ.

ಹರಿದಾಸ ಭಟ್ಟರು ಅಲ್ಲಿಗೇ ನಿಲ್ಲಲಿಲ್ಲ. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಕಾಲೇಜಿನಲ್ಲಿ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಶುರುವಾಯಿತು. ಕೋಲ, ನಾಗಾರಾಧನೆ, ಯಕ್ಷಗಾನ, ಪಾಡ್ದನವೆಂಬ ತುಳು ಕಥನಗೀತೆ ಇವುಗಳ ಧ್ವನಿ ಮತ್ತು ವಿಡಿಯೋ ದಾಖಲೆ ಅದರ ಮುಖ್ಯ ಕೆಲಸಗಳಲ್ಲಿ ಒಂದು. ಫಿನ್ಲೆಂಡಿನ ಜಾನಪದ ತಜ್ಞರ ನಂಟು ಬೆಳೆದದ್ದೂ ಹೀಗೆ. 1990ರ ಡಿಸೆಂಬರಿನಲ್ಲಿ ಲೌರಿ ಹೊಂಕೊ, ಆನೆಲಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಇವರ ತಂಡ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು ಪೂರ್ತಿ ಹಾಡಿಸಿ ಧ್ವನಿ, ವಿಡಿಯೋ ಎರಡರಲ್ಲೂ ಹಿಡಿಯಿತು. ಬರಹಕ್ಕೆ ಇಳಿದಾಗ ಅದು 15,683 ಸಾಲು. ಒಬ್ಬನೇ ಗಾಯಕ, ಒಂದೇ ದನಿ, ಎದುರಿಗೆ ಮೈಕ್. ಪಠ್ಯಕ್ಕೆ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಆದರೆ ಸಿರಿಜಾತ್ರೆಯಲ್ಲಿ ಪಾಡ್ದನ ಹೀಗೆ ಕೇಳಿಸುವುದಿಲ್ಲ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಾಗಲಿ ಹಿರಿಯಡಕದಲ್ಲಾಗಲಿ ಸಿರಿಜಾತ್ರೆಯ ರಾತ್ರಿ ದೇವಸ್ಥಾನದ ಅಂಗಳದಲ್ಲಿ ನಿಂತರೆ ಬಲಕ್ಕೊಂದು ಗುಂಪು, ಎಡಕ್ಕೊಂದು, ಬೆನ್ನಿಗೊಂದು. ದರ್ಶನ ಬಂದ ಹೆಂಗಸರು ತಮ್ಮ ತಮ್ಮ ಗುಂಪನ್ನು ನಡೆಸುವ ಕುಮಾರನ ಸುತ್ತ ನಿಂತು ಒಂದೇ ಹೊತ್ತಿಗೆ ಬೇರೆ ಬೇರೆ ಕಡೆಯಿಂದ ಹಾಡುತ್ತಿರುತ್ತಾರೆ. ಎರಡು ಸ್ಪೀಕರಿನಲ್ಲಿ ಇದನ್ನು ಕೇಳಿಸಿದರೆ ಗದ್ದಲ. ಆರು ಸ್ಪೀಕರಿನಲ್ಲಿ ಕೇಳಿಸಿದರೆ ಜಾತ್ರೆ.

ಮನೆಮನೆಗೆ ಯಕ್ಷಗಾನ ತಲುಪಿಸಿದ್ದು ಮಾತ್ರ ಸಂಶೋಧಕರಲ್ಲ, ರೇಡಿಯೊ ಮತ್ತು ಕ್ಯಾಸೆಟ್. 1976ರಲ್ಲಿ ಆಕಾಶವಾಣಿಯ ಮಂಗಳೂರು ಕೇಂದ್ರ ಶುರುವಾದ ಮೇಲೆ ಯಕ್ಷಗಾನ, ತಾಳಮದ್ದಳೆಗಳಿಗೆ ನಿಶ್ಚಿತ ಹೊತ್ತು ಸಿಕ್ಕಿತು. ಮನೆಗೆ ಟೇಪ್ ರೆಕಾರ್ಡರ್ ಬಂದದ್ದೇ ತಡ, ಕ್ಯಾಸೆಟ್ ಅಂಗಡಿಗಳು ತಲೆಯೆತ್ತಿದವು. ತಾಳಮದ್ದಳೆ ಕ್ಯಾಸೆಟ್ಟಿಗೆ ಹೇಳಿ ಮಾಡಿಸಿದ ಪ್ರಕಾರ: ವೇಷವಿಲ್ಲ, ಕುಣಿತವಿಲ್ಲ, ಕುಳಿತು ಆಡುವ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು ಇಂಥವರ ಅರ್ಥಗಾರಿಕೆ ಅಂಗಡಿ, ಹೋಟೆಲು, ಕಾರುಗಳಲ್ಲಿ ಓಡಿತು. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ವಾದ ಕಾವೇರುವ ಹೊತ್ತಿಗೆ ಟಪ್ ಎಂದು ಗುಂಡಿ ಮೇಲೇಳುವುದು ಒಂದು ತಲೆಮಾರಿನ ಕೇಳುಗರಿಗೆ ಕಥೆಯದೇ ಭಾಗವಾಗಿತ್ತು. ಭಾಗವತ ಗುಂಡ್ಮಿ ಕಾಳಿಂಗ ನಾವಡರು (1958–1990) ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೆರಡರ ಆಸುಪಾಸು. ಅವರನ್ನು ಕಣ್ಣಾರೆ ಕಾಣದವರೂ ಇಂದು ಅವರ ಪದ್ಯಗಳನ್ನು ಗುರುತು ಹಿಡಿಯುತ್ತಾರೆ. ಆಟದ ದಿನ ಯಾರೋ ಮಿಕ್ಸರಿನಿಂದ ವೈರ್ ಎಳೆದು ಮಾಡಿಕೊಂಡ ಕ್ಯಾಸೆಟ್ಟುಗಳ ಪ್ರತಿಯ ಪ್ರತಿಯ ಪ್ರತಿ ಅದಕ್ಕೆ ಕಾರಣ.

ವಿಎಚ್‌ಎಸ್ ಟೇಪಿನಲ್ಲಿ 3 ಗಂಟೆ ಹಿಡಿಯುತ್ತಿತ್ತು, ರಾತ್ರಿಯ ಆಟಕ್ಕೆ ಮೂರು ಟೇಪು. ಮದುವೆ, ಕೋಲ, ನಾಗಮಂಡಲಗಳ ವಿಡಿಯೋ ಮಾಡಿ ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ಕಳಿಸುವ ವಾಡಿಕೆ ಬೆಳೆದದ್ದು ಈ ಕಾಲದಲ್ಲಿ. ಆಮೇಲೆ ವಿಸಿಡಿ. ಒಂದು ಡಿಸ್ಕಿಗೆ 74 ನಿಮಿಷ, ಚಿತ್ರ 352x288 ಚುಕ್ಕಿ, ಧ್ವನಿ 224 ಕಿಲೋಬಿಟ್. ಅಗ್ಗದ ಮಾಧ್ಯಮ, ಅಗ್ಗದ ಸದ್ದು. ಚಕ್ರತಾಳದ ಕಿಣಿಕಿಣಿ ವಿಸಿಡಿಯಲ್ಲಿ ನೀರಿನೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು.

ಡಿವಿಡಿ ಜಪಾನಿನಲ್ಲಿ 1996ರ ಕೊನೆಗೆ ಮಾರುಕಟ್ಟೆಗೆ ಬಂತು. ಮನೆಯ ಕಂಪ್ಯೂಟರಿನಲ್ಲೇ ಅದನ್ನು ಬರೆಯಬಹುದಾದ ಕಾಲ 2000ದ ನಂತರದ್ದು. 1957ರಿಂದ ಎಂಜಿನಿಯರಿಂಗ್ ಕಾಲೇಜು ಇದ್ದ ಮಣಿಪಾಲಕ್ಕೆ ಹೊಸ ಯಂತ್ರಗಳು ತಡವಾಗುತ್ತಿರಲಿಲ್ಲ. ಡಿವಿಡಿ ರೈಟರ್, ಸೌಂಡ್ ಕಾರ್ಡ್, ಐದು ಸಣ್ಣ ಸ್ಪೀಕರ್ ಮತ್ತು ಒಂದು ವೂಫರಿನ 5.1 ಸೆಟ್ ಕೈಗೆಟುಕಿದವು. ನೀರೋ, ಯೂಲೀಡ್, ಅಡೋಬಿ ಎನ್‌ಕೋರ್, ಉಚಿತವಾಗಿ ಸಿಗುವ ಡಿವಿಡಿಸ್ಟೈಲರ್ ಇಂಥ ತಂತ್ರಾಂಶಗಳು ಮೆನು ಸಮೇತ ಡಿಸ್ಕ್ ಕಟ್ಟಿ ಕೊಟ್ಟವು. ಸ್ಟುಡಿಯೋದವರೂ ಹವ್ಯಾಸಿಗಳೂ ಆಟವನ್ನು ಸರೌಂಡ್ ಸೌಂಡಿನಲ್ಲಿ ಕೊಡಲು ಹೊರಟರೆ ಮೊದಲು ಎದುರಾಗುವುದು ಬರಿಯ ಕೂಡುವ ಕಳೆಯುವ ಲೆಕ್ಕ.

ಸಾಮಾನ್ಯ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ಎಂಟು ಗಂಟೆಯ ಆಟವನ್ನು ಒಂದೇ ಡಿಸ್ಕಿನಲ್ಲಿ ತುಂಬಬೇಕಾದರೆ ಚಿತ್ರ, ದನಿ ಎರಡಕ್ಕೂ ಸೇರಿ ಸೆಕೆಂಡಿಗೆ ಸುಮಾರು 1.3 ಮೆಗಾಬಿಟ್ ಮಾತ್ರ ಸಿಗುತ್ತದೆ. ಸಂಕೋಚಿಸದ ಎರಡು ಚಾನೆಲಿನ ಪಿಸಿಎಂ ದನಿ ಒಂದಕ್ಕೇ 1.536 ಮೆಗಾಬಿಟ್ ಬೇಕು. ಅಂದರೆ ಚಿತ್ರವನ್ನು ಪೂರ್ತಿ ಬಿಟ್ಟರೂ ಹಿಮ್ಮೇಳವೇ ಡಿಸ್ಕಿನ ಹೊರಗೆ ಚೆಲ್ಲುತ್ತದೆ. ಆರು ಚಾನೆಲ್ ಪಿಸಿಎಂ ಆದರೆ, 16 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ, 4.608 ಮೆಗಾಬಿಟ್. ಡಿವಿಡಿಯ ನಿಯಮದಲ್ಲಿ ಪಿಸಿಎಂಗೆ ಮೇಲ್ಮಿತಿ 6.144 ಮೆಗಾಬಿಟ್, ಚಿತ್ರ ದನಿ ಎಲ್ಲ ಸೇರಿ 10.08. ಹಾಗಾಗಿ 24 ಬಿಟ್ಟಿನ ಆರು ಚಾನೆಲ್ (6.912 ಮೆಗಾಬಿಟ್) ಕೂಡಲೇ ಕೂಡದು. 16 ಬಿಟ್ಟಿನದು ಕೂಡಬಹುದು, ಆದರೆ ಚಿತ್ರಕ್ಕೆ ಅಭ್ಯಾಸದಂತೆ 8 ಮೆಗಾಬಿಟ್ ಇಟ್ಟರೆ ಒಟ್ಟು 12 ದಾಟಿ ತಂತ್ರಾಂಶ ಕಟ್ಟಲು ಒಪ್ಪುವುದಿಲ್ಲ. ಒಪ್ಪಿದರೂ ಪ್ಲೇಯರ್ ತಡವರಿಸುತ್ತದೆ. ಧ್ವನಿ ಕಡಿದು ಕಡಿದು ಬರುತ್ತಿದೆ ಎಂಬ ದೂರಿನಲ್ಲಿ ತಪ್ಪು ಧ್ವನಿಯದೇ ಆಗಿರಬೇಕೆಂದಿಲ್ಲ, ಚಿತ್ರ ಜಾಗ ನುಂಗಿರುತ್ತದೆ.

ಇಲ್ಲೊಂದು ಕುತೂಹಲದ ಕಾಕತಾಳೀಯವಿದೆ. ಎರಡೇ ಚಾನೆಲ್, ಆದರೆ 24 ಬಿಟ್ ಮತ್ತು 96 ಕಿಲೋಹರ್ಟ್ಸ್‌ನ ಉತ್ತಮ ದನಿಗೆ ಬೇಕಾಗುವುದೂ ಸರಿಯಾಗಿ 4.608 ಮೆಗಾಬಿಟ್. ಜಾಗ ಅಷ್ಟೇ, ಆರು ದಿಕ್ಕು ಬೇಕೋ ಎರಡು ದಿಕ್ಕಿನ ಸ್ಪಷ್ಟತೆ ಬೇಕೋ ಎಂಬುದು ಆಯ್ಕೆ. ಯಕ್ಷಗಾನದ ಮಟ್ಟಿಗೆ ಎರಡನೆಯದೇ ಸರಿ. ಆಟದ ಸದ್ದು ಎದುರಿನದು. ಭಾಗವತ, ಮದ್ದಲೆ, ಚೆಂಡೆ, ವೇಷಧಾರಿ ಎಲ್ಲರೂ ಪ್ರೇಕ್ಷಕನ ಮುಂದಿರುತ್ತಾರೆ. ಬೆನ್ನ ಹಿಂದೆ ಇರುವುದು ನೆಲಗಡಲೆ ಮಾರುವವನ ಕೂಗು, ಮಗುವಿನ ಅಳು, ಚಪ್ಪಾಳೆ.

ಜಾಗದ ಇಕ್ಕಟ್ಟಿಗೆ ಹೆಚ್ಚಿನವರು ಹಿಡಿದ ದಾರಿ ಡಾಲ್ಬಿ ಡಿಜಿಟಲ್. ಸಿನೆಮಾ ಮಂದಿರಕ್ಕಾಗಿ 1992ರಲ್ಲಿ ಬಂದ ಈ ಸಂಕೋಚನ ಡಿವಿಡಿಯಲ್ಲಿ ಆರು ಚಾನೆಲನ್ನು 448 ಕಿಲೋಬಿಟ್ಟಿನೊಳಗೆ ಕೂರಿಸುತ್ತದೆ, ಎಂಟು ಗಂಟೆಗೆ 1.6 ಜಿಬಿ. ಡಿಟಿಎಸ್ ಇನ್ನೂ ಧಾರಾಳಿ, ಸುಮಾರು 1.5 ಮೆಗಾಬಿಟ್ ಕೇಳುತ್ತದೆ, ಎಲ್ಲ ಪ್ಲೇಯರಿನಲ್ಲೂ ಬಿಚ್ಚಿಕೊಳ್ಳುವುದಿಲ್ಲ. ಉತ್ತಮ ದನಿಗೆಂದೇ ಬಂದ ಡಿವಿಡಿ-ಆಡಿಯೊ ಪ್ಲೇಯರುಗಳಂತೂ ನಮ್ಮ ಮನೆಗಳಿಗೆ ಬರಲೇ ಇಲ್ಲ. ಎರಡು ಗಂಟೆ ನಲವತ್ತು ನಿಮಿಷಕ್ಕೊಂದರಂತೆ ಮೂರು ಡಿಸ್ಕ್, 448ರ ಡಾಲ್ಬಿ ಎಂದರೆ ಚಿತ್ರಕ್ಕೆ ಮೂರೂವರೆ ಮೆಗಾಬಿಟ್ಟಿನಷ್ಟು ಉಳಿಯುತ್ತದೆ. ಪೆಟ್ರೋಮ್ಯಾಕ್ಸಿನ ಕಾಲದ ಕಣ್ಣಿಗೆ ಧಾರಾಳವಾಯಿತು.

ಮುಂದಿನ ತೊಡಕು ಚಾನೆಲಿನ ಸಾಲು. ಆರು ಬಿಡಿ ಫೈಲುಗಳನ್ನು ಸಿನೆಮಾದವರು ಎಡ, ನಡು, ಬಲ, ಹಿಂಎಡ, ಹಿಂಬಲ, ವೂಫರ್ ಎಂದು ಜೋಡಿಸುತ್ತಾರೆ. ಕಂಪ್ಯೂಟರಿನ ವೇವ್ ಫೈಲಿನ ಸಾಲು ಎಡ, ಬಲ, ನಡು, ವೂಫರ್, ಹಿಂಎಡ, ಹಿಂಬಲ. ಮೊದಲ ಸಾಲಿನ ಪ್ರಕಾರ ಕೊಟ್ಟದ್ದನ್ನು ತಂತ್ರಾಂಶ ಎರಡನೆಯ ಸಾಲಿನ ಪ್ರಕಾರ ಓದಿಕೊಂಡರೆ ನಡುವಿನಲ್ಲಿ ಇರಬೇಕಾದ ಭಾಗವತರು ಬಲಗಡೆಗೆ ಹೋಗುತ್ತಾರೆ, ಬಲಗಡೆಯದು ನಡುವಿಗೆ ಬರುತ್ತದೆ. ಹಿಂಎಡದ ಪ್ರೇಕ್ಷಕರ ಸದ್ದು ವೂಫರಿಗೆ ಬಿದ್ದು ಬರಿಯ ಗುಂಯ್ ಎನ್ನುತ್ತದೆ, ಹಿಂಬಲದ್ದು ಹಿಂಎಡಕ್ಕೆ ಸರಿಯುತ್ತದೆ, ವೂಫರಿನದು ಹಿಂಬಲದಲ್ಲಿ ಗುಡುಗುತ್ತದೆ. ಕೇಳಿದವರಿಗೆ ಎಲ್ಲವೂ ಬರುತ್ತಿದೆ, ಆದರೆ ಏನೋ ಸರಿಯಿಲ್ಲ. ಪರಿಹಾರ ಸುಲಭ: ಡಿಸ್ಕ್ ಬರೆಯುವ ಮೊದಲು ಒಂದೊಂದು ಚಾನೆಲಿನಲ್ಲೂ ಅದರದೇ ಹೆಸರನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಹತ್ತು ಸೆಕೆಂಡಿನ ಪರೀಕ್ಷೆ ನಡೆಸುವುದು. ಹೀಗೆ ಮಾಡುತ್ತಿದ್ದವರು ಕಡಿಮೆ.

ವೂಫರಿನ ಚಾನೆಲ್ ಬಗ್ಗೆ ಒಂದು ಮಾತು. 120 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಮೀಸಲಾದ ಅದು ಬಾಂಬು, ಭೂಕಂಪಗಳಿಗಾಗಿ ಸಿನೆಮಾದವರು ಮಾಡಿಕೊಂಡ ಅನುಕೂಲ. ಯಕ್ಷಗಾನದಲ್ಲಿ ಅದಕ್ಕೆ ಕೆಲಸವಿಲ್ಲ. ಮದ್ದಲೆಯ ತಗ್ಗಿನ ಪೆಟ್ಟಿಗೆ ಮುಖ್ಯ ಸ್ಪೀಕರುಗಳೇ ಸಾಕು. ಕೆಳದನಿಯನ್ನೆಲ್ಲ ಅಲ್ಲಿಗೆ ತಳ್ಳಿದರೆ ಇನ್ನೊಂದು ಅನಾಹುತವಿದೆ. ಎರಡೇ ಸ್ಪೀಕರಿನ ಟಿವಿಯಲ್ಲಿ ಹಾಕಿದಾಗ ಪ್ಲೇಯರ್ ಆರು ಚಾನೆಲನ್ನು ಎರಡಕ್ಕೆ ಇಳಿಸುತ್ತದೆ, ಹಾಗೆ ಇಳಿಸುವಾಗ ವೂಫರಿನ ಚಾನೆಲನ್ನು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತದೆ. ಬಹುಪಾಲು ಮನೆಗಳಲ್ಲಿ ಇದ್ದದ್ದು ಅಂಥ ಟಿವಿಯೇ.

ಎಲ್ಲಕ್ಕಿಂತ ವಿಚಿತ್ರವಾದ ತೊಡಕು ಹುಟ್ಟುವುದು ಮೈಕ್ ಸೆಟ್ಟಿನವರ ಮಿಕ್ಸರಿನಲ್ಲಿ. ಮಿಕ್ಸರಿನ ಬ್ಯಾಲೆನ್ಸ್ಡ್ ಔಟ್‌ಪುಟ್ಟಿನಲ್ಲಿ ಒಂದೇ ದನಿ ಎರಡು ತಂತಿಯಲ್ಲಿ ಬರುತ್ತದೆ, ಒಂದರಲ್ಲಿ ಸುಲ್ಟಾ, ಇನ್ನೊಂದರಲ್ಲಿ ಉಲ್ಟಾ. ಅದನ್ನು ಕ್ಯಾಮೆರಾದ ಸ್ಟೀರಿಯೊ ಮೈಕ್ ಜಾಕಿಗೆ ನೇರ ಚುಚ್ಚಿದರೆ ಸುಲ್ಟಾ ದನಿ ಎಡಕ್ಕೂ ಉಲ್ಟಾ ದನಿ ಬಲಕ್ಕೂ ಹೋಗುತ್ತದೆ. ಕ್ಯಾಮೆರಾದವ ಹೆಡ್‌ಫೋನಿನಲ್ಲಿ ಕೇಳಿದರೆ ಸದ್ದು ಜೋರಾಗಿಯೇ ಇರುತ್ತದೆ, ಸ್ವಲ್ಪ ಅಗಲವಾಗಿ ಕೇಳಿ ಖುಷಿಯೂ ಆಗಬಹುದು. ಒಂದೇ ಸ್ಪೀಕರಿನ ಟಿವಿಯಲ್ಲಿ ಎರಡೂ ಸೇರಿದಾಗ ಒಂದನ್ನೊಂದು ಹೊಡೆದು ಹಾಕಿ ಭಾಗವತಿಕೆಯೇ ಮಾಯ. ಡಾಲ್ಬಿ ಪ್ರೊಲಾಜಿಕ್ ಇರುವ ಸೆಟ್ಟಿನಲ್ಲಿ ಹಾಕಿದರೆ ಇನ್ನೂ ತಮಾಷೆ. ಉಲ್ಟಾ ದನಿ ಎಂದರೆ ಹಿಂದಿನ ಸ್ಪೀಕರಿನದು ಎಂಬುದೇ ಆ ಯಂತ್ರದ ವ್ಯಾಕರಣವಾದ್ದರಿಂದ, ರಂಗಸ್ಥಳದ ನಡುವೆ ಕೂತ ಭಾಗವತರು ಕೇಳುಗನ ಬೆನ್ನ ಹಿಂದಿನ ಕಿಟಕಿಯ ಹತ್ತಿರ ಹಾಡುತ್ತಾರೆ. ಒಂದು ಚಾನೆಲನ್ನು ತಿರುಗಿಸಿ ಹಾಕಿದರೆ, ಇಲ್ಲವೇ ಒಂದನ್ನು ಅಳಿಸಿ ಇನ್ನೊಂದನ್ನೇ ಎರಡು ಕಡೆ ಇಟ್ಟರೆ ಕೂಡಲೇ ಸರಿಯಾಗುತ್ತದೆ.

ಅದೇ ಜಾಕಿನಲ್ಲಿ ಇನ್ನೆರಡು ಕೀಟಲೆಗಳು ಕೂತಿರುತ್ತವೆ. ಮಿಕ್ಸರಿನ ಲೈನ್ ದನಿ ಮೈಕಿನ ದನಿಗಿಂತ ನೂರಾರು ಪಟ್ಟು ಬಲವಾದದ್ದು, ತಗ್ಗಿಸದೆ ಕೊಟ್ಟರೆ ಒಡೆದು ಬರುತ್ತದೆ, ಒಡೆದ ದನಿಯನ್ನು ಯಾವ ತಂತ್ರಾಂಶವೂ ಕೂಡಿಸಲಾರದು. ಎರಡನೆಯದು ಕ್ಯಾಮೆರಾ ತಾನಾಗಿ ದನಿಯನ್ನು ಏರಿಸಿ ಇಳಿಸುವ ಸೌಲಭ್ಯ. ಏರು ಪದ್ಯಕ್ಕೆ ಚೆಂಡೆ ಬಿತ್ತೆಂದರೆ ಅದು ಗಾಬರಿಯಾಗಿ ಎಲ್ಲವನ್ನೂ ತಗ್ಗಿಸುತ್ತದೆ. ಚೆಂಡೆ ನಿಂತು ವೇಷಧಾರಿ ಮಾತು ಶುರು ಮಾಡಿದಾಗ ಮೊದಲ ವಾಕ್ಯ ಪಿಸುಮಾತಿನಂತಿದ್ದು ನಿಧಾನಕ್ಕೆ ಮೇಲೇಳುತ್ತದೆ. ಮಾತಿನ ನಡುವಿನ ಮೌನದಲ್ಲಿ ಜನರೇಟರ್ ಗುರುಗುಟ್ಟುತ್ತದೆ. ಇಂಥ ದಾಖಲೆ ಕೇಳುವಾಗ ಯಾರೋ ದೊಡ್ಡದಾಗಿ ಉಸಿರಾಡುತ್ತಿರುವಂತೆ ಅನಿಸುವುದು ಇದರಿಂದಲೇ. ಡಾಲ್ಬಿ ಎನ್‌ಕೋಡರಿನಲ್ಲೂ ಇದೇ ಜಾತಿಯ ಒಂದು ಗುಂಡಿಯಿದೆ, ಸಿನೆಮಾಕ್ಕೆ ಹೊಂದಿಸಿದ ದನಿ ಸಂಕೋಚನ. ಅದನ್ನು ಮುಚ್ಚಿ, ಮಾತಿನ ಮಟ್ಟ ಸೂಚಿಸುವ ಅಂಕಿಯನ್ನು ಮೊದಲೇ ಇರುವ -27ರಿಂದ -31ಕ್ಕೆ ಬದಲಿಸಿದರೆ ಪ್ಲೇಯರ್ ಕಾರಣವಿಲ್ಲದೆ 4 ಡೆಸಿಬೆಲ್ ತಗ್ಗಿಸುವುದು ತಪ್ಪುತ್ತದೆ. ಪಿಸಿಎಂಗಿಂತ ಡಾಲ್ಬಿ ಮೆತ್ತಗೆ ಕೇಳುತ್ತದೆ ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

ಮಿನಿ ಡಿವಿ ಕ್ಯಾಮೆರಾಗಳ ಕಾಲದ ದಾಖಲೆಗಳಲ್ಲಿ ಇನ್ನೊಂದು ಗಂಟು ಇದೆ. ಅವುಗಳಲ್ಲಿ ದನಿಗೆ ಎರಡು ಬಗೆ: 16 ಬಿಟ್, 48 ಕಿಲೋಹರ್ಟ್ಸ್‌ನ ಎರಡು ಚಾನೆಲ್, ಇಲ್ಲವೇ 12 ಬಿಟ್, 32 ಕಿಲೋಹರ್ಟ್ಸ್‌ನ ನಾಲ್ಕು. ನಾಲ್ಕು ಚಾನೆಲ್ ಎಂದರೆ ಸರೌಂಡಿಗೆ ಒಳ್ಳೆಯದಲ್ಲವೇ ಎಂದು ಎರಡನೆಯದನ್ನು ಆರಿಸಿದವರು ಮೋಸ ಹೋದರು. 32 ಕಿಲೋಹರ್ಟ್ಸ್‌ನಲ್ಲಿ 16ಕ್ಕಿಂತ ಮೇಲಿನ ಸ್ವರಾಂಶ ಉಳಿಯುವುದಿಲ್ಲ, ತಾಳದ ಹೊಳಪು ಅಲ್ಲಿಯೇ ಇರುವುದು. ಡಿವಿಡಿಗಾಗಿ 48ಕ್ಕೆ ಏರಿಸಿದರೂ ಹೋದದ್ದು ಬಾರದು. ದನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದವರಿಗೆ ಬಾಕೆಯ ಕಾಲದ ಪಾಡು ಮರಳಿತು. ಎರಡು ಯಂತ್ರದ ಗಡಿಯಾರಗಳ ನಡುವೆ ದಶಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡ್ ಹಿಂದೆಮುಂದಾಗುತ್ತದೆ, ಅಂದರೆ ನಾಲ್ಕೂವರೆ ಫ್ರೇಮು. ಒಡ್ಡೋಲಗದಲ್ಲಿ ಗೆಜ್ಜೆಗೂ ಹೆಜ್ಜೆಗೂ ಸರಿ ಕೂಡಿದ್ದು ಬೆಳಗಿನ ಜಾವದ ಯುದ್ಧಕ್ಕೆ ಒಂದೂವರೆ ಸೆಕೆಂಡಿನಷ್ಟು ಜಾರಿರುತ್ತದೆ. ಆರಂಭ ಕೂಡಿಸಿದರೆ ಸಾಲದು, ಕೊನೆಯನ್ನೂ ಕೂಡಿಸಿ ದನಿಯನ್ನು ಅಷ್ಟು ಹಿಗ್ಗಿಸಬೇಕು.

ಹಿಂದಿನ ಸ್ಪೀಕರಿಗಾಗಿ ಪ್ರೇಕ್ಷಕರ ನಡುವೆ ಮೈಕ್ ಇಟ್ಟವರಿಗೆ ದೂರದ ಲೆಕ್ಕ. ಸದ್ದು 17 ಮೀಟರ್ ಸಾಗಲು ಸುಮಾರು 50 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ರಂಗಸ್ಥಳದ ಮೈಕಿನ ಚೆಂಡೆ ಒಮ್ಮೆ, ಗದ್ದೆಯ ಮೈಕಿನ ಚೆಂಡೆ ಮತ್ತೊಮ್ಮೆ, ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಹಿಂದಿನ ದನಿಯನ್ನು ಅಷ್ಟು ಮುಂದಕ್ಕೆಳೆದರೆ ಪೆಟ್ಟು ಕೂಡುತ್ತದೆ. ಆದರೆ ಪೂರ್ತಿ ಕೂಡಿಸಿದರೆ ಬಯಲು ಕೋಣೆಯಾಗುತ್ತದೆ. ಕೈಪಳಗಿದವರು ಹಿಂದಿನ ದನಿಯ ಮಟ್ಟವನ್ನು ತಗ್ಗಿಸಿ, ಒಂದಿಷ್ಟು ತಡವನ್ನು ಹಾಗೆಯೇ ಉಳಿಸುತ್ತಾರೆ.

ಆರು ಚಾನೆಲಿಗೆ ನಿಜವಾಗಿ ತಕ್ಕ ಸದ್ದು ಈ ಸೀಮೆಯಲ್ಲಿ ಇಲ್ಲದಿಲ್ಲ. ನಾಗಮಂಡಲದಲ್ಲಿ ನಾಗಪಾತ್ರಿಯ ಜೊತೆ ಡಕ್ಕೆ ಹಿಡಿದ ವೈದ್ಯರು ಬಣ್ಣದ ಹುಡಿಯಲ್ಲಿ ಬರೆದ ಮಂಡಲಕ್ಕೆ ಸುತ್ತು ಬರುತ್ತಾರೆ. ಸುತ್ತ ಜನ ಕೂತಿರುತ್ತಾರೆ. ಡಕ್ಕೆಯ ದನಿ ನಿಜವಾಗಿಯೂ ತಿರುಗುತ್ತದೆ, ಚಪ್ಪರದ ನಡುವೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ಮೈಕುಗಳನ್ನು ತೂಗಿದರೆ ಅದನ್ನು ತಿರುಗಿಸುವ ಯಾವ ತಂತ್ರವೂ ಬೇಡ. ಕಾಪುವಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಬಾರಿ, ಸುಗ್ಗಿ, ಆಟಿ, ಜಾರ್ದೆ ತಿಂಗಳಲ್ಲಿ ನಡೆಯುವ ಮಾರಿಪೂಜೆಯ ಜನಸಂದಣಿಯ ಸದ್ದೂ ಅಂಥದು, ಯಾವುದು ಎದುರು, ಯಾವುದು ಹಿಂದು ಎಂದು ಹೇಳುವಂತಿಲ್ಲ. ಕಾಪುವಿನ ಕಡಲ ತೀರದಲ್ಲಿ, 1901ರ ದೀಪಸ್ತಂಭದ ಬಂಡೆಯ ಬಳಿ ಮೈಕ್ ಹಿಡಿದರೆ ಮೊದಲು ಸಿಗುವುದು ಅಲೆಯಲ್ಲ, ಗಾಳಿ. 1432ರಲ್ಲಿ ಕೆತ್ತಿ ನಿಲ್ಲಿಸಿದ 42 ಅಡಿಯ ಕಾರ್ಕಳದ ಗೊಮ್ಮಟನ ಬೆಟ್ಟದಲ್ಲೂ ಇದೇ ಕಷ್ಟ. ಬಂಡೆಯ ಮೇಲೆ ತಡೆಯಿಲ್ಲದ ಗಾಳಿ ಮೈಕಿಗೆ ಬಡಿದು ಕೆಳದನಿಯ ಗುಡುಗಾಗುತ್ತದೆ, ಸರೌಂಡ್ ಸೆಟ್ಟಿನಲ್ಲಿ ಅದು ವೂಫರಿಗೆ ಹೋಗಿ ಮನೆಯ ಕಿಟಕಿ ನಡುಗಿಸುತ್ತದೆ. ಮೈಕಿಗೆ ತುಪ್ಪಳದ ಟೋಪಿ, ಫೈಲಿಗೆ 80 ಹರ್ಟ್ಸ್‌ನ ಕೆಳಗೆ ಕತ್ತರಿ, ಇಷ್ಟೇ ಅದಕ್ಕೆ ಮದ್ದು. ಕಾರ್ಕಳದ ಮಹಾಮಸ್ತಕಾಭಿಷೇಕ 2002ರಲ್ಲಿ ನಡೆದಾಗ ಡಿಸ್ಕುಗಳ ಕಾಲ, 2015ರಲ್ಲಿ ನಡೆದಾಗ ಎಲ್ಲರ ಕೈಯಲ್ಲೂ ಮೊಬೈಲು.

ಪರದೇಶದ ಮಕ್ಕಳಿಗೆ ಕಳಿಸಿದ ಡಿಸ್ಕಿನ ಕಥೆ ಬೇರೆ. ನಮ್ಮ ಡಿವಿಡಿ ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಫ್ರೇಮು. ಗಲ್ಫಿನಲ್ಲಿ ನಡೆಯುತ್ತದೆ, ಅಮೆರಿಕದ ಎಷ್ಟೋ ಪ್ಲೇಯರುಗಳಲ್ಲಿ ನಡೆಯುವುದಿಲ್ಲ. ಚಿತ್ರವನ್ನು ಎನ್‌ಟಿಎಸ್‌ಸಿಗೆ ಬದಲಿಸಿದರೂ ದನಿ ಎಂಪೆಗ್ ಲೇಯರ್ 2ರಲ್ಲಿ ಉಳಿದಿದ್ದರೆ ಪರದೆಯ ಮೇಲೆ ವೇಷ ಕುಣಿಯುತ್ತದೆ, ಸದ್ದಿಲ್ಲ. ಪಾಲ್ ಡಿಸ್ಕಿನಲ್ಲಿ ಆ ದನಿ ಒಂದೇ ಇದ್ದರೂ ನಿಯಮಬದ್ಧ. ಎನ್‌ಟಿಎಸ್‌ಸಿ ಡಿಸ್ಕಿನಲ್ಲಿ ಪಿಸಿಎಂ ಅಥವಾ ಡಾಲ್ಬಿ ಒಂದಾದರೂ ಇರಲೇಬೇಕು.

ಡಿಸ್ಕುಗಳ ಈ ಅಧ್ಯಾಯ ಹದಿನೈದು ವರ್ಷವೂ ಸರಿಯಾಗಿ ಬಾಳಲಿಲ್ಲ. ಆಟ ನಡೆಯುತ್ತಿರುವಾಗಲೇ ಯೂಟ್ಯೂಬಿನಲ್ಲಿ ನೇರ ಪ್ರಸಾರ ಬರತೊಡಗಿದ ಮೇಲೆ ಡಿವಿಡಿ ಕೊಳ್ಳುವವರಿಲ್ಲ. ಇದೇ ಕಾಲದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕಿದ 2000ದ ಶಬ್ದಮಾಲಿನ್ಯ ನಿಯಮಗಳ ಬಿಸಿಯೂ ತಟ್ಟಿ, ಕಾಲಮಿತಿ ಯಕ್ಷಗಾನ ಹೆಚ್ಚಿತು. ಡಿಸ್ಕಿನ ಅಳತೆಗೆ ಆಟ ಕಿರಿದಾಯಿತೆಂದು ಹೇಳುವುದು ಮಾತ್ರ ಸರಿಯಲ್ಲ. ಕಿರಿದಾಗುವ ಹೊತ್ತಿಗೆ ಡಿಸ್ಕೇ ಇರಲಿಲ್ಲ. ಪ್ರಸಾರದ ದನಿ ಮತ್ತೆ ಎರಡು ಚಾನೆಲಿನದು, ಬಹುಪಾಲು ಮತ್ತೆ ಅದೇ ಮಿಕ್ಸರಿನ ತಂತಿಯದು.

ಉಳಿದಿರುವುದು ಮನೆಗಳ ಕಪಾಟಿನಲ್ಲಿರುವ ಮೂಲ ಟೇಪುಗಳು. ಕರಾವಳಿಯ ಮಳೆಗಾಲದಲ್ಲಿ ಕ್ಯಾಸೆಟ್ಟಿಗೂ ವಿಎಚ್‌ಎಸ್‌ಗೂ ಬೂಷ್ಟು ಹಿಡಿಯುತ್ತದೆ, ಮನೆಯಲ್ಲಿ ಬರೆದ ಡಿವಿಡಿಯ ಬಣ್ಣದ ಪದರ ಬಿಸಿಲು ತೇವಕ್ಕೆ ಮಾಸುತ್ತದೆ. ಡಿವಿಡಿಗೆ ಇಳಿಸಿದ ಪ್ರತಿಗಿಂತ ಮೂಲ ಟೇಪೇ ಮೇಲು, ಅದರಲ್ಲಿ ಡಾಲ್ಬಿಯ ಸಂಕೋಚನವಿಲ್ಲ, ಚಾನೆಲುಗಳು ಅದಲುಬದಲಾಗಿಲ್ಲ. ಅಂಥ ಟೇಪು ಇರುವವರು ಮೇಳ, ಪ್ರಸಂಗ, ಊರು, ದಿನಾಂಕ, ಭಾಗವತರ ಹೆಸರನ್ನು ಡಬ್ಬಿಯ ಮೇಲೆ ಬರೆದು, ಓಡಿಸುವ ಯಂತ್ರ ಸಿಗುವಾಗಲೇ 48 ಕಿಲೋಹರ್ಟ್ಸ್‌ನಲ್ಲಿ ಸಂಕೋಚಿಸದೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು.